ಪಾಲಾಗದ ಕಂಬಳಿ

ನಮ್ಮ ತಿಪಟೂರು ಸೀಮೆಯಲ್ಲಿ ಆಸ್ತಿ ಪಾಲು ಸುಲಭ. ತೋಟದ ತೆಂಗಿನಮರ ಎಣಿಸಿದರಾಯಿತು, 10-11 ತಿಂಗಳು ಅಟ್ಟದಲ್ಲಿ ಒಣಗಿದ ಕೊಬ್ಬರಿ ತೂಗಿದರಾಯಿತು. ಪಂಚಾಯ್ತಿ ಕೆಡುವುದು ತಾತನ ಕರಿಕಂಬಳಿ ಎದುರಿಗೆ ಬಂದಾಗ.

ಅಜ್ಜಿಯೇ ನೂತ ಕುರಿಯುಣ್ಣೆ; ಹುಣಸೆಬೀಜದ ಸರಿ ಹಾಕಿ, ಚಿಕ್ಕನಾಯಕನಹಳ್ಳಿಯ ಗುಂಡಿಮಗ್ಗದಲ್ಲಿ ನೇಯಿಸಿದ್ದು. ಹೊದ್ದರೆ ಮೈಯೆಲ್ಲ ಚುಚ್ಚುತ್ತದೆ. ಹಾಗಾಗಿ ಹೊದೆಯುವವರಿಲ್ಲ, ಬಿಟ್ಟುಕೊಡುವವರಂತೂ ಇಲ್ಲವೇ ಇಲ್ಲ. ‘ನನ್ನ ಮದುವೇಲಿ ಗದ್ದುಗೆಗೆ ಹಾಸಿದ್ದು’ ಎಂದರು ದೊಡ್ಡಪ್ಪ. ‘ನನ್ನ ಚಳಿಜ್ವರ ಬಿಡಿಸಿದ್ದು’ ಎಂದರು ಚಿಕ್ಕಪ್ಪ. ‘ತೂತು ಬಿದ್ದಿದ್ದು ನನ್ನ ಬೀಡಿಯಿಂದ’ ಎಂದು ಭಾವನವರೂ ಹಕ್ಕು ಸ್ಥಾಪಿಸಿದರು. ಬೆಂಗಳೂರಿನ ಸೋದರತ್ತೆ ‘ಡ್ರೈಕ್ಲೀನ್ ಮಾಡಿಸ್ತೀನಿ’ ಅಂದದ್ದೇ ತಡ, ಎಲ್ಲರೂ ಒಂದಾದರು.

ತೀರ್ಮಾನ: ಕಂಬಳಿ ವರ್ಷಕ್ಕೊಬ್ಬರ ಮನೆಯಲ್ಲಿರಲಿ. ಈ ಸಲ ನಮ್ಮ ಸರದಿ. ಅದನ್ನು ನೋಡಿಕೊಂಡು ಹೋಗಲು ಬರುವ ನೆಂಟರಿಗೆ ಬಡಿಸಿದ ಒಬ್ಬಟ್ಟಿನ ಖರ್ಚಿನಲ್ಲಿ ಹೊಸ ಕಂಬಳಿ ನಾಲ್ಕು ಬರುತ್ತಿತ್ತು!