ಬೆಳಿಗ್ಗೆ ಹಾಳೆ, ಮಧ್ಯಾಹ್ನ ಲಸಿಕೆ

ಕೋಡಿಯ ಅಳಿವೆಯಲ್ಲಿ ಪಂಚಗಂಗಾವಳಿ ನದಿಯ ಸಿಹಿಯೂ ಕಡಲಿನ ಉಪ್ಪೂ ತಕರಾರಿಲ್ಲದೆ ಬೆರೆಯುತ್ತವೆ. ಹಳತೂ ಹೊಸತೂ ಬೆರೆಯದಿರುವುದು ‘ಸಹಜ ಪಾಲನೆ’ಗೆ ಹೊರಟ ನಮ್ಮಂಥ ಅಪ್ಪ-ಅಮ್ಮಂದಿರ ತಲೆಯೊಳಗೆ ಮಾತ್ರ. ಕೂಸನ್ನು ಅಡಿಕೆ ಹಾಳೆಯಲ್ಲಿ ಮಲಗಿಸಿ, ತೆಂಗಿನೆಣ್ಣೆ ತಿಕ್ಕಿ, ಬಿಸಿನೀರು ಹೊಯ್ಯುವ ಅಮ್ಮಮ್ಮನ ವಿದ್ಯೆಯೂ ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಬಂದರಷ್ಟೇ ನಮಗೆ ನಂಬಿಕೆ! ಆರನೇ ತಿಂಗಳಿಗೆ ಅನ್ನಪ್ರಾಶನ ಮಾಡಿಸುವ ಅಜ್ಜಿಗೂ, 6 ತಿಂಗಳು ಎದೆಹಾಲೊಂದೇ ಸಾಕೆನ್ನುವ ವಿಶ್ವ ಆರೋಗ್ಯ ಸಂಸ್ಥೆಗೂ ಜಗಳವಿಲ್ಲ. ಹಾಗೆಂದು ಸಹಜವಾದದ್ದೆಲ್ಲ ಅಮೃತವೇ? ಜೇನೂ ಸಹಜವೇ, ವರ್ಷ ತುಂಬದ ಕೂಸಿಗೆ ಮಾತ್ರ ಕೂಡದು. ‘ಹಿಂದೆ ಲಸಿಕೆ ಇತ್ತಾ, ನಾವೆಲ್ಲ ಬದುಕಲಿಲ್ವಾ?’ ಎನ್ನುವವರಿದ್ದಾರೆ, ಬದುಕದವರು ವಾದಕ್ಕೆ ಬರುವುದಿಲ್ಲವಲ್ಲ! 2014ರಲ್ಲಿ ಭಾರತ ಪೋಲಿಯೊಮುಕ್ತ ಎನಿಸಿದ್ದು ಎಣ್ಣೆಸ್ನಾನದಿಂದಲ್ಲ, ಎರಡು ಹನಿಯಿಂದ. ಆದ್ದರಿಂದ ಬೆಳಿಗ್ಗೆ ಹಾಳೆ, ಮಧ್ಯಾಹ್ನ ಲಸಿಕೆ ಎಂಬುದೇ ಸರಿದಾರಿ. ಕೂಸೂ ಪಕ್ಷಪಾತಿಯಲ್ಲ, ಎರಡಕ್ಕೂ ಒಂದೇ ರಾಗದಲ್ಲಿ ಅಳುತ್ತದೆ.