ಷಡ್ಡಕನ ತೂಕ

ಎಸ್‌ಯುವಿ ಅಂದರೆ ಯಾವುದು ಎಂದು ಮೆಕ್ಯಾನಿಕ್‌ನ ಕೇಳಿದರೆ ನಕ್ಕು ಸುಮ್ಮನಾಗುತ್ತಾನೆ. ಸರ್ಕಾರ ಹಾಗೆ ನಕ್ಕು ಬಿಡುವುದಿಲ್ಲ. 2022ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಕೂತು ಲಕ್ಷಣ ಹೇಳಿತು. ಉದ್ದ 4000 ಮಿಲಿಮೀಟರ್ ದಾಟಿರಬೇಕು, ಎಂಜಿನ್ 1500 ಸಿಸಿ ಮೀರಿರಬೇಕು, ಗಾಡಿಯ ಹೊಟ್ಟೆ ನೆಲದಿಂದ 170 ಮಿಲಿಮೀಟರಾದರೂ ಮೇಲಿರಬೇಕು, ಜೊತೆಗೆ ಜನ ಅದನ್ನು ಎಸ್‌ಯುವಿ ಅಂತ ಕರೆಯುತ್ತಿರಬೇಕು. ಈ ಕೊನೆಯ ಲಕ್ಷಣ ನನಗೆ ಬಹಳ ಹಿಡಿಸಿತು. ಟೇಪು ಹಿಡಿದು ಅಳೆಯಲು ಬಂದ ಸರ್ಕಾರವೂ ಕಡೆಗೆ ‘ನೋಡಿದವರು ಏನಂತಾರೆ’ ಎಂದು ಕೇಳಲೇಬೇಕಾಯಿತು.

ನಮ್ಮ ಮನೆ ಮುಂದೆ ನಿಂತಿರುವುದು ನಾಲ್ಕೂ ಲಕ್ಷಣ ಕೂಡಿಬಂದ ಗಾಡಿ. ಹೆಸರು ಬೇಡ, ಬಿಡದಿಯಲ್ಲಿ ಹುಟ್ಟಿದ್ದೋ ಚಾಕಣ್‌ನಲ್ಲಿ ಹುಟ್ಟಿದ್ದೋ ನೀವೇ ಊಹಿಸಿಕೊಳ್ಳಿ. ಎರಡು ಟನ್ ತೂಕ, ಏಳು ಸೀಟು. ಮನೆ ಮುಂದೆಯೇ ಏಕೆ ಅಂದರೆ, ಮೂವತ್ತು ನಲವತ್ತರ ಸೈಟಿನ ಗೇಟಿನೊಳಗೆ ಅದು ಹಿಡಿಸುವುದಿಲ್ಲ. ಕೊಳ್ಳುವಾಗ ಕೊಡಗು, ಕುದುರೆಮುಖ, ಲಡಾಖ್ ಎಂದೆಲ್ಲ ಮಾತಾಡಿದ್ದೆವು. ಈಗ ಅದರ ನಿತ್ಯದ ಕಾಯಕ ಜಯನಗರ ನಾಲ್ಕನೇ ಬ್ಲಾಕಿನಿಂದ ಕೊತ್ತಂಬರಿ ಸೊಪ್ಪು ತರುವುದು. ಸೊಪ್ಪಿಗೆ ಜೊತೆಯಾಗಿ ನಾನೊಬ್ಬ.

ತಾಪತ್ರಯ ಇರುವುದೇ ಇಲ್ಲಿ. ಈ ಜಾತಿಯ ಗಾಡಿಯ ಹಿಂದಿನ ಸ್ಪ್ರಿಂಗುಗಳನ್ನು ಏಳು ಜನ ಕೂತು, ಮೇಲೊಂದಿಷ್ಟು ಸೂಟ್‌ಕೇಸು ಹೇರಿದ ಲೆಕ್ಕಕ್ಕೆ ಹದ ಮಾಡಿರುತ್ತಾರೆ. ಅಷ್ಟು ಭಾರಕ್ಕೆ ಬಗ್ಗಬೇಕಾದದ್ದು ಎರಡು ಕಟ್ಟು ಸೊಪ್ಪಿಗೆ ಯಾಕೆ ಬಗ್ಗೀತು? ಬಗ್ಗುವುದಿಲ್ಲ, ಎಗರುತ್ತದೆ. ಸಾಲದ್ದಕ್ಕೆ ಹಿಂದಿನ ಎರಡೂ ಗಾಲಿಗಳು ಒಂದೇ ಗಟ್ಟಿ ಆಕ್ಸಲ್‌ನ ಎರಡು ತುದಿಗಳು. ಎಡಗಾಲಿ ಗುಂಡಿಗಿಳಿದರೆ ಬಲಗಾಲಿಗೂ ಸುದ್ದಿ ಮುಟ್ಟಿ, ಇಬ್ಬರೂ ಸೇರಿ ಹಿಂದಿನ ಸೀಟಿನವರಿಗೆ ತಿಳಿಸುತ್ತಾರೆ. ಮುಂದಿನ ಗಾಲಿಗಳು ಮಾತ್ರ ಬೇರೆ ಸಂಸಾರ ಹೂಡಿವೆ. ಒಂದೊಂದಕ್ಕೂ ಮೇಲೊಂದು ಕೆಳಗೊಂದು ಆರ್ಮು, ಸ್ವಂತ ಸ್ಪ್ರಿಂಗು. ಹಾಗಾಗಿ ಡ್ರೈವರ್ ಸೀಟಿನಲ್ಲಿ ಕೂತವನಿಗೆ ‘ನಮ್ಮ ಗಾಡಿ ಬಹಳ ಸ್ಮೂತು’ ಎಂಬ ನಂಬಿಕೆ ಕೊನೆಯವರೆಗೂ ಅಳಿಯುವುದಿಲ್ಲ.

ಸ್ಪ್ರಿಂಗಿನ ಸ್ವಭಾವ ವಿಚಿತ್ರ. ಪೆಟ್ಟು ತಿನ್ನುತ್ತದೆ, ಆದರೆ ತಿಂದದ್ದನ್ನು ಅರಗಿಸಿಕೊಳ್ಳುವುದಿಲ್ಲ, ಅಷ್ಟನ್ನೂ ವಾಪಸು ಕೊಡುತ್ತದೆ. ಅರಗಿಸುವ ಕೆಲಸ ಶಾಕಬ್ಸರ್‌ನದು. ಅದರ ಹೊಟ್ಟೆಯಲ್ಲಿ ಎಣ್ಣೆ, ಎಣ್ಣೆಯೊಳಗೆ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ತೂತು. ಎಣ್ಣೆ ಆ ತೂತುಗಳಲ್ಲಿ ತಿಣುಕಿ ದಾಟುವಷ್ಟರಲ್ಲಿ ಕುಣಿತವೆಲ್ಲ ಬಿಸಿಯಾಗಿ ಆರಿಹೋಗುತ್ತದೆ. ಎಣ್ಣೆ ಸೋರಿದ ಶಾಕಬ್ಸರ್ ಇದ್ದೂ ಇಲ್ಲದಂತೆ. ಪರೀಕ್ಷೆ ಸುಲಭ: ಬಾನೆಟ್ಟಿನ ಮೂಲೆಯನ್ನು ಮೈಭಾರ ಹಾಕಿ ಅದುಮಿ ಬಿಡಿ. ಒಮ್ಮೆ ಎದ್ದು ಕೂತರೆ ಸರಿ, ಎದ್ದು ಕೂತು ಎದ್ದು ಕೂತು ಮಾಡಿದರೆ ಜೇಬಿಗೆ ಕೈ ಹಾಕಿ. ಬದಲಾಯಿಸುವಾಗ ಎಡಬಲ ಎರಡನ್ನೂ ಒಟ್ಟಿಗೆ. ಒಂದು ಹೊಸದು ಒಂದು ಹಳೆಯದು ಇಟ್ಟರೆ, ತಿರುವಿನಲ್ಲಿ ಗಾಡಿ ಯಾರ ಮಾತು ಕೇಳಬೇಕೆಂದು ತಿಳಿಯದೆ ಒದ್ದಾಡುತ್ತದೆ.

ಹಿಂದಿನ ತಲೆಮಾರಿನ ದೊಡ್ಡ ಗಾಡಿಗಳಿಗೆ ಈ ನಯ ನಾಜೂಕು ಇರಲಿಲ್ಲ. 1994ರಲ್ಲಿ ಬಂದ ಸುಮೊ, 2000ದಲ್ಲಿ ಬಂದ ಕ್ವಾಲಿಸ್, ಎರಡಕ್ಕೂ ಹಿಂದೆ ಇದ್ದದ್ದು ಲಾರಿಯವರ ಕಮಾನು ಪಟ್ಟಿ. ಕಾಲ್ ಸೆಂಟರ್ ಕಾಲದಲ್ಲಿ ಬಿಟಿಎಂ ಲೇಔಟಿನ ಪಿಜಿಗಳ ಮುಂದೆ ನಡುರಾತ್ರಿ ಹಾರನ್ ಹೊಡೆಯುತ್ತಿದ್ದ ಕ್ವಾಲಿಸ್‌ಗಳು ಎಂದೂ ಖಾಲಿ ಓಡಲಿಲ್ಲ. ಆದ್ದರಿಂದಲೇ ಅವುಗಳ ಬಗ್ಗೆ ದೂರು ಕಡಿಮೆ. ಒಳಗಿದ್ದವರಿಗೆ ನಿದ್ದೆ ಬೇರೆ.

ಈಗ ರಸ್ತೆಯ ಕಡೆ ಬರೋಣ. ಗುಂಡಿಯ ಬಗ್ಗೆ ಬೆಂಗಳೂರಿನಲ್ಲಿ ಬೇಕಾದಷ್ಟು ಸಾಹಿತ್ಯವಿದೆ, ಹಂಪಿನ ಬಗ್ಗೆ ಇಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ನಿಯಮ ಪುಸ್ತಕದ ಪ್ರಕಾರ ಹಂಪು 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬಂದವನು ಮಾತು ನಿಲ್ಲಿಸದೆ ದಾಟಬೇಕು. ನಮ್ಮ ಅಡ್ಡರಸ್ತೆಯ ಹಂಪು ಆ ಪುಸ್ತಕ ಓದಿಲ್ಲ. ಅದು ಹುಟ್ಟಿದ್ದು ಪಕ್ಕದ ಬೀದಿಯವರು ಮೂರನೇ ಮಹಡಿಗೆ ಮೋಲ್ಡ್ ಹಾಕಿಸಿದ ದಿನ, ಸಂಜೆ ಮಿಕ್ಕ ಕಾಂಕ್ರೀಟಿನಲ್ಲಿ. ಅಗಲ ಒಂದು ಬಾಂಡಲಿ, ಎತ್ತರ ಒಂದು ಬಾಂಡಲಿ. ನಿವೃತ್ತರೊಬ್ಬರ ಗೇಟಿನ ಮುಂದೆಯೇ ಇದೆ. ದಿನಪತ್ರಿಕೆ ಓದುತ್ತಾ ಕೂತು, ಯಾವ ಗಾಡಿಯ ಅಡಿ ತಾಗಿತು ಎಂದು ಅವರು ಗಮನಿಸುತ್ತಾರೆ.

ಇಂಥ ಹಂಪನ್ನು ಓರೆಯಾಗಿ ಹತ್ತಿಸುವ ಚಾಳಿ ಜಯನಗರದಲ್ಲಿ ಬಹಳ ಜನಕ್ಕಿದೆ. ತಗ್ಗು ಕಾರಿನವರು ಹೊಟ್ಟೆ ಉಜ್ಜೀತೆಂದು ಹಾಗೆ ಮಾಡಿದರೆ ಅರ್ಥವಿದೆ. ಎತ್ತರದ ಗಾಡಿಯವರೂ ಅದನ್ನೇ ನೋಡಿ ಕಲಿತು, ಒಂದೊಂದೇ ಗಾಲಿ ಹತ್ತಿಸಿ ಇಳಿಸುತ್ತಾರೆ. ಎಡಬಲ ಗಾಲಿಗಳನ್ನು ಹಿಡಿದಿಡುವ ಸ್ಟೆಬಿಲೈಜರ್ ಬಾರ್ ಪ್ರತಿ ಸಲವೂ ತಿರುಚಿಕೊಂಡು, ಅದರ ತುದಿಯ ಲಿಂಕ್ ರಾಡು ಕ್ರಮೇಣ ಸಡಿಲವಾಗಿ ‘ಟಕ್’ ಎನ್ನಲು ಶುರು ಮಾಡುತ್ತದೆ. ನೇರ ಹತ್ತಿಸಿ, ನಿಧಾನ ಇಳಿಸಿ. ಇಷ್ಟು ಹೇಳಿದರೆ ‘ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ’ ಎನ್ನುತ್ತಾರೆ.

ಸಸ್ಪೆನ್ಷನ್ ಪರೀಕ್ಷೆಗೆ ನಮ್ಮ ಮನೆಯಲ್ಲಿರುವ ಉಪಕರಣ ಸ್ಟೀಲಿನ ಕ್ಯಾರಿಯರ್. ಜಯನಗರಕ್ಕೆ ಅಡಿಗಲ್ಲು ಹಾಕಿದ 1948ರಲ್ಲೇ, ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಸಿಟ್ರೋಯೆನ್‌ನವರು 2ಸಿವಿ ಎಂಬ ಸಣ್ಣ ಕಾರು ತೋರಿಸಿದರು. ಬುಟ್ಟಿ ತುಂಬ ಮೊಟ್ಟೆ ಇಟ್ಟುಕೊಂಡು ಉತ್ತ ಹೊಲ ದಾಟಿದರೂ ಒಂದೂ ಒಡೆಯಬಾರದು ಎಂಬುದು ಅದನ್ನು ರೂಪಿಸಿದವರಿಗೆ ಹಾಕಿದ್ದ ಷರತ್ತು. ನಮ್ಮಾಕೆಯ ಷರತ್ತು ಅದಕ್ಕಿಂತ ಬಿಗಿ. ತೊಡೆಯ ಮೇಲಿನ ಕ್ಯಾರಿಯರ್‌ನಲ್ಲಿ ತಿಳಿಸಾರು, ಉಟ್ಟದ್ದು ರೇಷ್ಮೆ ಸೀರೆ, ಹೋಗಬೇಕಾದದ್ದು ಬನಶಂಕರಿ ಎರಡನೇ ಹಂತ. ಮೊಟ್ಟೆಯಾದರೆ ಒಡೆದಾಗ ಗೊತ್ತಾಗುತ್ತದೆ, ಸಾರು ಸೆರಗಿಗೆ ಇಳಿದ ಮೇಲೆ ಗೊತ್ತಾಗುತ್ತದೆ.

ಇಂಥದ್ದೊಂದು ಪ್ರಯಾಣದಲ್ಲೇ ಆ ಶಬ್ದ ಮೊದಲು ಕೇಳಿಸಿದ್ದು. ‘ರೀ, ಏನೋ ಲೊಟಲೊಟ ಅಂತಿದೆ’ ಎಂದಳು. ಅತ್ತೆ ಹಿಂದಿನಿಂದ ‘ಲೊಟಲೊಟ ಅಲ್ಲ, ಕಟಕಟ’ ಎಂದು ತಿದ್ದಿದರು. ಮಾವನವರಿಗೆ ಕೇಳಿಸಲೇ ಇಲ್ಲ. ಆದರೂ ಎಡಗಡೆ ಎಂದರು. ಕೊನೆಯ ಸಾಲಿನಲ್ಲಿ ಮಂಡಿಯನ್ನು ಗದ್ದಕ್ಕೆ ಆನಿಸಿ ಕೂತಿದ್ದ ಷಡ್ಡಕ, ‘ಭಾವ, ನಿಮ್ಮ ಗಾಡಿ ಮುಂದೆ ಕಾರು, ಹಿಂದೆ ಲಾರಿ’ ಎಂದ. ಅವನು ಬ್ಯಾಂಕಿನ ಲೋನ್ ವಿಭಾಗದವನು, ಸುಮಾರು ಒಂದು ಕ್ವಿಂಟಾಲ್ ಇದ್ದಾನೆ, ಮಾತು ಮಾತ್ರ ಹಗುರ.

ಗುರಪ್ಪನಪಾಳ್ಯದ ಕಡೆ ನಮ್ಮ ಭಾಯ್ ಗ್ಯಾರೇಜಿದೆ. ಭಾಯ್ ಶಬ್ದವನ್ನು ವರ್ಣಿಸಲು ಬಿಡುವುದಿಲ್ಲ. ‘ಬಾಯಲ್ಲಿ ಹೇಳ್ಬೇಡಿ ಸಾರ್, ನಾನು ಕೇಳ್ಬೇಕು’ ಎಂದು ಪಕ್ಕದ ಸೀಟಿಗೆ ಹತ್ತುತ್ತಾರೆ. ಒಳ್ಳೆಯ ಮೆಕ್ಯಾನಿಕ್ ಪ್ರತಿಯೊಬ್ಬನಿಗೂ ತನ್ನದೇ ಒಂದು ಹಾಳು ರಸ್ತೆ ಇರುತ್ತದೆ. ಅದರ ಒಂದೊಂದು ಗುಂಡಿಯೂ ಅವನಿಗೆ ಗೊತ್ತು: ಇದರಲ್ಲಿ ಇಳಿಸಿದರೆ ಬಾಲ್ ಜಾಯಿಂಟ್ ಮಾತಾಡುತ್ತದೆ, ಅದರಲ್ಲಿ ಇಳಿಸಿದರೆ ಬುಶ್ಶು. ಭಾಯ್ ನನ್ನನ್ನು ತಮ್ಮ ರಸ್ತೆಗೆ ತಿರುಗಿಸಿದರು. ತಿರುಗಿದ ಕೂಡಲೇ ಇಬ್ಬರೂ ಮೌನ. ಕರ್ರಗೆ, ನುಣ್ಣಗೆ ಹೊಸ ಡಾಂಬರು. ಯಾರೋ ದೊಡ್ಡವರು ಬರುವವರಿದ್ದರಂತೆ, ರಾತ್ರೋರಾತ್ರಿ ಹಾಕಿದ್ದರು. ಭಾಯ್ ಮುಖ ಇಳಿದುಹೋಯಿತು. ‘ಹನ್ನೆರಡು ವರ್ಷದಿಂದ ಇಲ್ಲೇ ಚೆಕ್ ಮಾಡ್ತಿದ್ದೆ ಸಾರ್. ಹೇಳ್ದೆ ಕೇಳ್ದೆ ಮುಚ್ಚಿಬಿಟ್ರು.’

ಆಮೇಲೆ ನಾವಿಬ್ಬರೂ ದಕ್ಷಿಣ ಬೆಂಗಳೂರಿನಲ್ಲಿ ಗುಂಡಿ ಹುಡುಕುತ್ತಾ ಹೊರಟೆವು. ಬೇಡವೆಂದಾಗ ಎದುರಿಗೇ ಬಂದು ನಿಲ್ಲುತ್ತಿದ್ದವು ಬೇಕೆಂದಾಗ ಎಲ್ಲಿ ಅಡಗಿದ್ದವೋ. ಉಡುಪಿ ಗಾರ್ಡನ್ ಸಿಗ್ನಲ್ಲಿನಲ್ಲಿ ಗಾಡಿ ಕದಲಲೇ ಇಲ್ಲ, ಕದಲದ ಗಾಡಿಯಲ್ಲಿ ಶಬ್ದವೆಲ್ಲಿ? ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿಗೆ 2024ರಲ್ಲಿ ಬಿಟ್ಟ ಡಬಲ್ ಡೆಕರ್ ಫ್ಲೈಓವರ್ ಹತ್ತಿದೆವು. ಮೇಲ್ಗಡೆ ಮೆಟ್ರೊ, ಕೆಳಗಡೆ ನಾವು, ಜಾಯಿಂಟುಗಳಲ್ಲಿ ‘ಟಪ್, ಟಪ್’ ಅಷ್ಟೇ. ‘ಇದು ಟೈರ್ ಸೌಂಡು, ನಮ್ಮ ಕೇಸಲ್ಲ’ ಎಂದರು ಭಾಯ್. ಜೆಪಿ ನಗರದ ಕಾಂಕ್ರೀಟ್ ರಸ್ತೆಯಲ್ಲೂ ಅದೇ ಕಥೆ. ಕಡೆಗೆ ಸಾರಕ್ಕಿ ಕಡೆಯ ಒಂದು ಒಳರಸ್ತೆಯಲ್ಲಿ, ಪೈಪಿಗೆಂದು ಅಗೆದು ಅರ್ಧಂಬರ್ಧ ಮುಚ್ಚಿದ ಕಾಲುವೆ ಸಿಕ್ಕಿತು. ಎಡಗಾಲಿ ಇಳಿಯಿತು. ‘ಲೊಟ್’. ಭಾಯ್ ಕಣ್ಣು ಅರಳಿದವು. ‘ರಿವರ್ಸ್ ತಗೊಳ್ಳಿ ಸಾರ್, ಇನ್ನೊಂದ್ ಸಲ!’ ನಾವು ಅದೇ ಕಾಲುವೆಗೆ ಮುಂದೆ ಹಿಂದೆ ಇಳಿದು ಹತ್ತುತ್ತಿದ್ದರೆ, ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬರು ‘ಸಿಕ್ಕಾಕ್ಕೊಂಡ್ರಾ? ಯಾರನ್ನಾದ್ರೂ ಕರೀಲಾ?’ ಎಂದು ಕೂಗಿದರು. ‘ಬೇಡಮ್ಮ, ಬಹಳ ಚೆನ್ನಾಗಿದೆ’ ಎಂದರು ಭಾಯ್.

ಹೋಗಿದ್ದದ್ದು ಎಡಗಡೆ ಲೋವರ್ ಆರ್ಮಿನ ಬುಶ್ಶು. ಕೇಳಿಸದಿದ್ದರೂ ಮಾವನವರು ಹೇಳಿದ್ದೇ ಸರಿಯಾಗಿತ್ತು. ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಕೂರುವ ಈ ರಬ್ಬರ್ ಬಳೆ ನಮ್ಮ ಮಂಡಿಯ ಮೆದು ಮೂಳೆ ಇದ್ದಂತೆ, ಸವೆದ ಮೇಲೆಯೇ ಅದು ಇತ್ತೆಂಬುದು ಗೊತ್ತಾಗುವುದು. ಜೆ.ಸಿ. ರಸ್ತೆಯ ಅಂಗಡಿಯವನು ‘ಒರಿಜಿನಲ್ ಕೊಡ್ಲಾ, ಒರಿಜಿನಲ್ ಥರದ್ದು ಕೊಡ್ಲಾ?’ ಎಂದು ಪ್ರಾಮಾಣಿಕವಾಗಿ ಕೇಳಿದ. ಹಳೆಯ ಬುಶ್ಶನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆದು ಹೊಸದನ್ನು ಕೂರಿಸಿದರು. ಗ್ಯಾರೇಜಿನ ಹುಡುಗ ಜಾಕ್ ಮೇಲಿದ್ದ ಗಾಡಿಯಡಿ ನುಸುಳಿ ಬೋಲ್ಟು ಬಿಗಿಯಲು ಹೋದಾಗ ಭಾಯ್ ಗದರಿದರು: ‘ಏಯ್, ಕೆಳಗಿಳಿಸು ಮೊದ್ಲು!’

ಸಂಗತಿ ಹೀಗಿದೆ. ಗಾಡಿ ಜಾಕ್ ಮೇಲಿದ್ದಾಗ ಆರ್ಮು ಕೆಳಗೆ ಜೋತು ಬಿದ್ದಿರುತ್ತದೆ. ಆ ಭಂಗಿಯಲ್ಲೇ ಬೋಲ್ಟು ಬಿಗಿದರೆ, ಗಾಡಿ ನೆಲಕ್ಕಿಳಿದು ಆರ್ಮು ಮೇಲೆದ್ದಾಗ ರಬ್ಬರು ತಿರುಚಿಕೊಂಡೇ ಉಳಿಯುತ್ತದೆ, ಬೇಗ ಹರಿಯುತ್ತದೆ. ನಾಲ್ಕೂ ಗಾಲಿ ನೆಲದ ಮೇಲಿಟ್ಟು ತೂಕ ಬಂದ ಮೇಲೆ ಕೊನೆಯ ಬಿಗಿತ ಕೊಡಬೇಕು. ಈ ಒಂದು ಸಂಗತಿ ತಿಳಿದವನನ್ನು ಮೆಕ್ಯಾನಿಕ್ ಅಂತಲೂ, ತಿಳಿಯದೆ ಕಾಫಿ ಮೆಷಿನ್ ಇಟ್ಟವನನ್ನು ಸರ್ವೀಸ್ ಅಡ್ವೈಸರ್ ಅಂತಲೂ ಕರೆಯಬಹುದು ಎನ್ನುವುದು ನನ್ನ ಅಭಿಪ್ರಾಯ. ಕೊನೆಗೆ ವೀಲ್ ಅಲೈನ್‌ಮೆಂಟ್. ಆರ್ಮು ಬಿಚ್ಚಿ ಕಟ್ಟಿದ ಮೇಲೆ ಅದನ್ನು ಮಾಡಿಸದಿದ್ದರೆ ಟೈರು ಒಂದೇ ಅಂಚಿನಲ್ಲಿ ಸವೆದು ಸೇಡು ತೀರಿಸಿಕೊಳ್ಳುತ್ತದೆ.

ಲೊಟಲೊಟ ಹೋಯಿತು, ಕುಣಿತ ಹೋಗಲಿಲ್ಲ. ಭಾಯ್ ಮೊದಲು ಗಾಳಿ ನೋಡಿದರು. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ 33 ಎಂದಿದೆ. ಟೈರಿನಲ್ಲಿದ್ದದ್ದು 40. ಬಂಕಿನ ಹುಡುಗರಿಗೆ ದೊಡ್ಡ ಗಾಡಿ ಕಂಡರೆ ದೊಡ್ಡ ಸಂಖ್ಯೆಯೇ ನೆನಪಾಗುತ್ತದೆ. ನೆಲದ ಪೆಟ್ಟು ಮೊದಲು ತಾಗುವುದು ಟೈರಿಗೇ. ಅದೇ ಕಲ್ಲಾದರೆ ಮೇಲಿನ ಸ್ಪ್ರಿಂಗು ಪಾಪ ಏನು ಮಾಡೀತು? ನಮ್ಮ ಬೀದಿಯ ತರುಣನೊಬ್ಬ ಇಪ್ಪತ್ತಿಂಚಿನ ಭಾರದ ಅಲಾಯ್ ಹಾಕಿಸಿ, ಅದರ ಸುತ್ತ ತೆಳ್ಳಗೆ ರಬ್ಬರು ಸುತ್ತಿಸಿ, ಈಗ ಬೆನ್ನಿಗೆ ಬೆಲ್ಟು ಕಟ್ಟಿಕೊಂಡು ಓಡಾಡುತ್ತಿದ್ದಾನೆ.

ಗಾಳಿ ಇಳಿಸಿದ ಮೇಲೆ ವಾಸಿ. ಆದರೂ ಒಬ್ಬನೇ ಕೂತರೆ ಒಂದಿಷ್ಟು ಎಗರಾಟ ಉಳಿಯಿತು. ‘ಗಾಡಿಗೆ ಏನಿಲ್ಲ ಸಾರ್’ ಎಂದರು ಭಾಯ್, ಕೈ ಒರೆಸಿಕೊಳ್ಳುತ್ತಾ. ‘ಲೋಡ್ ಇಲ್ಲ, ಅಷ್ಟೇ. ಹಿಂದೆ ಫ್ಯಾಮಿಲಿ ಹಾಕಿ.’

ಹಾಕಿದೆ. ಷಡ್ಡಕನನ್ನು ಹಿಂದಿನ ಆಕ್ಸಲ್‌ನ ನೇರ ಮೇಲೆ, ಕೊನೆಯ ಸಾಲಿನ ನಡುಮಧ್ಯಕ್ಕೆ ಕೂರಿಸಿ ಕನಕಪುರ ರಸ್ತೆಯಲ್ಲಿ ಓಡಿಸಿ ನೋಡಿದೆ. ಗಾಡಿ ಗಂಭೀರವಾಯಿತು. ತಿಳಿಸಾರು ಕ್ಯಾರಿಯರ್ ಬಿಟ್ಟು ಅಲ್ಲಾಡಲಿಲ್ಲ, ಅತ್ತೆ ಬಾಯಿ ತೆರೆದು ನಿದ್ದೆ ಹೋದರು. ಅವನಿಗೆ ಮಾತ್ರ ಯಾವ ಸುಖವೂ ತಲುಪಲಿಲ್ಲ. ಪ್ರತಿ ಹಂಪಿಗೂ ತಲೆ ಸೂರಿಗೆ ತಾಗುತ್ತಿತ್ತು, ಪ್ರತಿ ಸಲವೂ ‘ಭಾವ’ ಎಂದು ಶುರುವಾದ ವಾಕ್ಯ ಅರ್ಧಕ್ಕೇ ಕಡಿಯುತ್ತಿತ್ತು. ಅಂದಿನಿಂದ ಮದುವೆ, ಮುಂಜಿ, ಗೃಹಪ್ರವೇಶ ಯಾವುದಿದ್ದರೂ ನಮ್ಮಾಕೆ ಮೊದಲು ಫೋನು ಮಾಡುವುದು ಅವನಿಗೆ. ತಂಗಿಯ ಗಂಡನ ಮೇಲೆ ಅಕ್ಕನಿಗೆ ಇದ್ದಕ್ಕಿದ್ದಂತೆ ಹುಟ್ಟಿದ ಅಕ್ಕರೆ ಕಂಡು ಮಾವನವರು ಕಣ್ಣೊರೆಸಿಕೊಂಡರು.

ಈಚೆಗೆ ಅವನಿಗೆ ಏನೋ ಅನುಮಾನ ಬಂದಿದೆ. ಬೆಳಿಗ್ಗೆ ಜೆಪಿ ನಗರದ ಮಿನಿ ಫಾರೆಸ್ಟಿನಲ್ಲಿ ವಾಕಿಂಗ್ ಶುರು ಮಾಡಿದ್ದಾನೆ, ರಾತ್ರಿ ಊಟ ಬಿಟ್ಟಿದ್ದಾನೆ, ಒಳ್ಳೇ ಪ್ರಮಾಣದಲ್ಲೇ ಇಳಿದಿದ್ದಾನೆ ಎಂದು ಸುದ್ದಿ. ನಮ್ಮಾಕೆ ನಿನ್ನೆ ಒಂದು ಡಬ್ಬಿ ತುಂಬ ಕೊಬ್ಬರಿ ಮಿಠಾಯಿ ಮಾಡಿ, ಬನಶಂಕರಿಯ ಅವನ ಮನೆಗೆ ಕೊಟ್ಟು ಬನ್ನಿ ಅಂತ ನನ್ನ ಕೈಗಿಟ್ಟಳು.