ಕ್ಯಾಮೆರಾ ವರ್ಕ್ ಚೆನ್ನಾಗಿದೆ

ಸಿನಿಮಾ ಹಾಳಾಗಿದೆ ಎಂದು ಇಡೀ ಊರು ಒಪ್ಪಿಕೊಂಡ ಮೇಲೂ ಪೂರ್ತಿ ಒಪ್ಪದ ಒಬ್ಬರು ಪ್ರತಿ ಕುಟುಂಬದಲ್ಲೂ ಇರುತ್ತಾರೆ. ಚೆನ್ನಾಗಿದೆ ಎಂದು ವಾದಿಸಿದರೆ ಜಗಳವಾಡಿ ಮುಗಿಸಬಹುದು. ಇವರು ಹಾಗೆ ಸಿಕ್ಕಿಬೀಳುವವರಲ್ಲ. ‘ಕಥೆ ಇಲ್ಲ, ಒಪ್ಪಿದೆ. ಸೆಕೆಂಡ್ ಹಾಫ್ ಎಳೆದಿದ್ದಾರೆ, ಅದೂ ನಿಜ. ಹೀರೋಗೆ ಅಳೋಕೆ ಬರಲ್ಲ, ಸರಿ. ಆದ್ರೆ ಆ ಬಸ್‌ಸ್ಟ್ಯಾಂಡ್ ಸೀನಲ್ಲಿ ಬೆಳಕು ನೋಡಿದ್ಯಾ?’ ಎನ್ನುತ್ತಾರೆ. ನೀವು ನೋಡಿರುವುದಿಲ್ಲ. ಆಗ ನೀವು ಮೊಬೈಲಿನಲ್ಲಿ ಗಂಟೆ ಎಷ್ಟಾಯಿತೆಂದು ನೋಡುತ್ತಿದ್ದಿರಿ. ಅಲ್ಲಿಗೆ ತಪ್ಪು ನಿರ್ದೇಶಕನ ತಲೆಯಿಂದ ಇಳಿದು ನಿಮ್ಮ ತಲೆಗೇರುತ್ತದೆ.

ನಮ್ಮ ಮನೆತನಕ್ಕೆ ಈ ಭಾಗ್ಯ ಅಕ್ಕನ ಮದುವೆಯ ಮೂಲಕ ಬಂತು. ಭಾವ ಮಂಡ್ಯದ ಕಡೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟರಾಗಿದ್ದು, ನಿವೃತ್ತರಾದ ಮೇಲೆ ರಾಜಾಜಿನಗರಕ್ಕೆ ಬಂದು ನೆಲೆಸಿದವರು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋದಾಗ, 35 ಬಂದರೆ ಪಾಸು ಎನ್ನುತ್ತಿದ್ದ ಆ ಕಾಲದಲ್ಲಿ 33ಕ್ಕೆ ನಿಂತ ಪತ್ರಿಕೆಯನ್ನು ಮತ್ತೆ ಮೊದಲಿನಿಂದ ತಿರುವಿ, ಎಲ್ಲಾದರೂ ಎರಡು ಅಂಕ ಬಿದ್ದುಹೋಗಿದೆಯೇ ಎಂದು ಹುಡುಕುತ್ತಿದ್ದರಂತೆ. ಯಾವನೋ ಪುಣ್ಯಾತ್ಮ ಭೂಪಟದಲ್ಲಿ ಕಾವೇರಿಯನ್ನು ಅರಬ್ಬಿ ಸಮುದ್ರಕ್ಕೆ ಹರಿಸಿದ್ದನಂತೆ. ‘ಹರಿದದ್ದು ತಪ್ಪು. ಆದ್ರೆ ಹುಟ್ಟಿದ್ದು ಕೊಡಗಿನಲ್ಲೇ ಅಲ್ವೇ?’ ಎಂದು ಅರ್ಧ ಅಂಕ ಕೊಟ್ಟದ್ದನ್ನು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ನಿವೃತ್ತಿಯ ನಂತರ ಉತ್ತರಪತ್ರಿಕೆಗಳು ಬರುವುದು ನಿಂತಿತು. ಸಿನಿಮಾಗಳು ನಿಲ್ಲಲಿಲ್ಲ. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಕನ್ನಡ ಚಿತ್ರಗಳು ತೆರೆಗೆ ಬರುವ ಕಾಲದಲ್ಲಿ ಅವರಿಗೆ ಕೆಲಸಕ್ಕೇನು ಕೊರತೆ?

ಅವರ ಎದುರಿಗೆ ಸೋತ ಚಿತ್ರಗಳ ಹೆಸರೆತ್ತುವುದು ಅಪಾಯ. 1991ರ ‘ಶಾಂತಿ ಕ್ರಾಂತಿ’ಯ ಮಾತು ಒಮ್ಮೆ ಬಂತು. ರವಿಚಂದ್ರನ್ ನಾಲ್ಕು ಭಾಷೆಗಳಲ್ಲಿ ಮಾಡಿ ಕೈಸುಟ್ಟುಕೊಂಡ ಚಿತ್ರ. ನಾನು ನಕ್ಕೆ, ಅಷ್ಟೆ. ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಇದು ಭಾಷಣದ ಮುನ್ಸೂಚನೆ. ‘ಈಗ ಎಲ್ಲರೂ ಪ್ಯಾನ್ ಇಂಡಿಯಾ ಪ್ಯಾನ್ ಇಂಡಿಯಾ ಅಂತ ಕೂಗ್ತಾರಲ್ಲ, ತಮಿಳು ಹಿಂದಿಗೆ ರಜನೀಕಾಂತ್, ತೆಲುಗಿಗೆ ನಾಗಾರ್ಜುನ ಅಂತ ಹಾಕ್ಕೊಂಡು ಆ ಹುಚ್ಚು ಧೈರ್ಯ ಅವತ್ತೇ ಒಬ್ಬ ಕನ್ನಡದವನು ಮಾಡಿದ್ದ. ಹಂಸಲೇಖ ಅವರ ಹಾಡು ಬೇರೆ’ ಎಂದರು. ಹಾಡುಗಳ ವಿಷಯ ನನಗೂ ಗೊತ್ತು. ಬಾಯಿಬಿಟ್ಟು ಒಪ್ಪಿಕೊಂಡರೆ ಮುಂದಿನ ಭಾನುವಾರವೂ ಹೋಯಿತು ಎಂದು ಸುಮ್ಮನಾದೆ.

‘ಒಂದು ಮುತ್ತಿನ ಕಥೆ’ಗೆ ಜನ ಅಂದುಕೊಂಡಷ್ಟು ಮುಗಿಬೀಳಲಿಲ್ಲ ಎಂದರೆ, ‘1987ರಲ್ಲಿ ರಾಜ್‌ಕುಮಾರ್ ಅವರನ್ನ ನೀರೊಳಗೆ ಇಳಿಸಿ ಶೂಟ್ ಮಾಡ್ಬೇಕು ಅಂತ ಶಂಕರ್‌ನಾಗ್‌ಗೆ ಹೊಳೀತಲ್ಲ, ಅದಕ್ಕೆಷ್ಟು ಕೊಡ್ತೀಯಾ?’ ಎಂದು ನನ್ನನ್ನೇ ಅಂಕ ಕೇಳುತ್ತಾರೆ. ಅದು ಸ್ಟೈನ್‌ಬೆಕ್‌ನ ‘ದಿ ಪರ್ಲ್’ ಆಧರಿಸಿದ್ದು ಎಂಬುದಕ್ಕೆ ಪ್ರತ್ಯೇಕ ಅಂಕ. 1971ರ ‘ಸಾಕ್ಷಾತ್ಕಾರ’ದ ವಿಚಾರದಲ್ಲಂತೂ ಪುಟ್ಟಣ್ಣ ಕಣಗಾಲರು ಪೃಥ್ವಿರಾಜ್ ಕಪೂರರನ್ನು ಕನ್ನಡಕ್ಕೆ ಕರೆತಂದದ್ದರಿಂದ ಶುರುವಾಗಿ, ಎಂ. ರಂಗರಾವ್ ಅವರ ಸಂಗೀತ ಮುಗಿಯುವಷ್ಟರಲ್ಲಿ ಅಕ್ಕ ಊಟಕ್ಕೆ ಎರಡು ಸಲ ಕರೆದಿರುತ್ತಾಳೆ.

ಅವರ ಹಟ ಗೆದ್ದದ್ದು ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ. ಅಣ್ಣಾವ್ರ ಚಿತ್ರವನ್ನು ಕಳಪೆ ಎನ್ನುವ ಧೈರ್ಯ ನನಗಿಲ್ಲ, ಕಥೆ ಅಲ್ಲಲ್ಲಿ ಜೋಲುತ್ತದೆ ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿಯುತ್ತೇನೆ. 1978ರ ಆ ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ರಾಜ್‌ಕುಮಾರ್ ತಾವೇ ಹಾಡಿದ ಇಂಗ್ಲಿಷ್ ಹಾಡೊಂದಿದೆ. ನಾವೆಲ್ಲ ಅದನ್ನು ಕೇಳಿ ಕಿಸಕ್ಕನೆ ನಗುತ್ತಿದ್ದಾಗ ಭಾವ ಮಾತ್ರ ಗಂಭೀರವಾಗಿ ತಾಳ ಹಾಕುತ್ತಿದ್ದರು. ಅಂತರ್ಜಾಲ ಬಂತು. ಆ ಹಾಡು ಕನ್ನಡದ ಒಂದಕ್ಷರ ಗೊತ್ತಿಲ್ಲದವರ ಮೊಬೈಲಿನಲ್ಲೂ ಕುಣಿಯತೊಡಗಿತು. ಅವರ ಮೊಮ್ಮಗ ಅದನ್ನು ತಂದು ಅವರಿಗೇ ತೋರಿಸಿದಾಗ ಭಾವ ಒಂದೂ ಮಾತಾಡಲಿಲ್ಲ. ನನ್ನ ಕಡೆ ನೋಡಿದರು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

‘ಬಂಗಾರದ ಮನುಷ್ಯ’ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿದ್ದು ಎಲ್ಲರಿಗೂ ಗೊತ್ತು. ಭಾವನಿಗೆ ಅದರಲ್ಲಿ ಆಸಕ್ತಿ ಕಡಿಮೆ. ‘ಅದಕ್ಕೆ ಸಾಕ್ಷಿ ಹೇಳೋಕೆ ಊರಿಗೂರೇ ಇದೆ. ಆಚೆ ಥಿಯೇಟರಲ್ಲಿ ಎರಡೇ ದಿನ ಓಡಿ ಎತ್ತಂಗಡಿ ಆಯ್ತಲ್ಲ, ಅದನ್ನ ಯಾರು ನೆನಪಿಟ್ಕೋತಾರೆ?’ ಎನ್ನುತ್ತಾರೆ. ಇವರು ನೆನಪಿಟ್ಟುಕೊಳ್ಳುತ್ತಾರೆ. ಟೀವಿಯಲ್ಲಿ ಮಧ್ಯಾಹ್ನ ಬರುವ, ತಲೆಬುಡವಿಲ್ಲದ ಹಳೆಯ ಪೌರಾಣಿಕಗಳನ್ನೂ ಬಿಡುವುದಿಲ್ಲ. ಕಾರಣ ಬಾಲಕೃಷ್ಣ. ‘ಕಿವಿ ಕೇಳಿಸದ ಮನುಷ್ಯ ಕಣಪ್ಪ. ಎದುರಿನವರ ತುಟಿ ನೋಡ್ಕೊಂಡು ಆ ಟೈಮಿಂಗ್! ಸುತ್ತ ಇರೋ ರಟ್ಟಿನ ಅರಮನೆ ಅಲ್ಲಾಡಿದ್ರೆ ಅಲ್ಲಾಡ್ಲಿ ಬಿಡು.’ ಬಾಲಕೃಷ್ಣ ತೆರೆಯ ಮೇಲಿಂದ ಹೋದೊಡನೆ ಭಾವ ನಿದ್ದೆ ಹೋಗುತ್ತಾರೆ. ಮತ್ತೆ ಅವರ ದನಿ ಕೇಳಿದೊಡನೆ ಎಚ್ಚರ. ಒಂದು ಕಳಪೆ ಚಿತ್ರವನ್ನು ನೋಡುವ ಇದಕ್ಕಿಂತ ಆರೋಗ್ಯಕರ ಕ್ರಮವನ್ನು ನಾನು ಕಂಡಿಲ್ಲ.

ಈ ಉದಾರಿ ಮನೆಯಲ್ಲೂ ಹೀಗೇ ಇರಬೇಕಲ್ಲ ಎಂದು ನೀವು ಕೇಳಿದರೆ ಅಕ್ಕ ಸೆರಗು ಬಾಯಿಗೆ ಹಿಡಿದು ನಗುತ್ತಾಳೆ. ಕೋಟಿಗಟ್ಟಲೆ ಸುರಿದು ಕೆಡಿಸಿದ ಚಿತ್ರದಲ್ಲಿ ಗುಣ ಹುಡುಕುವವರಿಗೆ ಉಪ್ಪಿಟ್ಟಿನಲ್ಲಿ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಮಾಫಿಯಿಲ್ಲ. ‘ರೀ, ಒಗ್ಗರಣೆ ಆದ್ರೂ ಚೆನ್ನಾಗಿದೆ ಅನ್ಬಾರ್ದಾ?’ ಎಂದು ಅವಳು ಒಮ್ಮೆ ಕೇಳಿಯೇಬಿಟ್ಟಳು. ‘ಸಿನಿಮಾ ಮಾಡೋದು ಕಷ್ಟ ಕಣೇ’ ಎಂದರಂತೆ. ಆ ದಿನ ಸಂಜೆ ಕಾಫಿ ಬರಲಿಲ್ಲ ಎಂಬುದು ನನಗೆ ಬಂದ ಸುದ್ದಿ.

ಒಳ್ಳೆಯ ಸಿನಿಮಾ ಅವರಿಗೆ ಒಗ್ಗುವುದಿಲ್ಲ. ‘ಘಟಶ್ರಾದ್ಧ’ ನೋಡಿ ಬಂದಾಗ ‘ಹೂಂ’ ಎಂದು ಸುಮ್ಮನಾದರು. ಎಲ್ಲರೂ ಕೈಮುಗಿಯುವ ಚಿತ್ರದಲ್ಲಿ ಅವರಿಗೆ ಮಾಡಲು ಕೆಲಸವಿಲ್ಲ. ಪಾಪ, ಮೊದಲ ಬೆಂಚಿನ ಹುಡುಗನ ಉತ್ತರಪತ್ರಿಕೆ ಕೈಗೆ ಬಂದ ದಿನ ಮೇಷ್ಟ್ರು ಎಷ್ಟು ಬೇಗ ಮನೆಗೆ ಹೋಗಬೇಕಾಗುತ್ತದೆ!

ಇಷ್ಟನ್ನೆಲ್ಲ ನಾನು ಸಹಿಸುತ್ತೇನೆ. ಸಹಿಸಲಾಗದ್ದು ಟೈಟಲ್ ಕಾರ್ಡು. ಚಿತ್ರ ಮುಗಿದು, ಗೇಟು ತೆರೆದು, ಕಸ ಗುಡಿಸುವವರು ಒಳಗೆ ಬಂದರೂ ಭಾವ ಏಳುವುದಿಲ್ಲ. ಕೊನೆಯಲ್ಲಿ ಓಡುವ ಹೆಸರುಗಳನ್ನು ತುಟಿಯಲ್ಲೇ ಓದುತ್ತಾರೆ: ಲೈಟ್‌ಮನ್ನರು, ವಾಹನ ಚಾಲಕರು, ಮೇಕಪ್ ಸಹಾಯಕರು, ಊಟದ ವ್ಯವಸ್ಥೆ. ಪ್ರೊಜೆಕ್ಟರ್ ನಡುವೆಯೇ ಆರಿದರೆ ‘ಹಾಜರಿ ಅರ್ಧಕ್ಕೇ ನಿಲ್ಲಿಸಿಬಿಟ್ರಲ್ಲ’ ಎಂದು ಗೊಣಗುತ್ತಾರೆ. ನಮ್ಮ ಮನೆಯಲ್ಲಿ ಓಟಿಟಿ ನೋಡುವಾಗ ಹೆಸರುಗಳು ಬರುತ್ತಿದ್ದಂತೆ ತೆರೆ ಚಿಕ್ಕದಾಗಿ ಮುಂದಿನ ಚಿತ್ರದ ಜಾಹೀರಾತು ಹಾರಿ ಬಂದರೆ, ರಿಮೋಟು ಕಿತ್ತುಕೊಂಡು ಹಿಂದಕ್ಕೆ ಓಡಿಸುತ್ತಾರೆ. ಆ ಗುಂಡಿಗಳು ಅವರಿಗೆ ಒಲಿಯುವುದಿಲ್ಲವಾದ್ದರಿಂದ ಎಷ್ಟೋ ಸಲ ಸಿನಿಮಾ ಮತ್ತೆ ಮೊದಲಿನಿಂದಲೇ ಶುರುವಾದದ್ದುಂಟು.

ಹೋದ ಮಳೆಗಾಲದಲ್ಲಿ ಗಾಂಧಿನಗರದಲ್ಲಿ ನೋಡಿದ ದೆವ್ವದ ಚಿತ್ರವನ್ನು ನಾನು ಹೆಸರಿಸುವುದಿಲ್ಲ. ಹೆಸರಿಸಿದರೂ ನೀವು ಕೇಳಿರುವುದಿಲ್ಲ. ಬಿಡುಗಡೆಯಾದ ಮೊದಲ ದಿನದ ಮ್ಯಾಟಿನಿ. ಬಾಲ್ಕನಿಯಲ್ಲಿ ನಾವು, ಮಳೆಗೆ ಒಳಬಂದಿದ್ದ ಒಂದು ಜೋಡಿ, ಎರಡು ಸಾಲು ಕೆಳಗೆ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದವರೊಬ್ಬರು. ಪೋಸ್ಟರಿನಲ್ಲಿ ‘ಸತ್ಯ ಘಟನೆ ಆಧಾರಿತ’ ಎಂದಿತ್ತು. ಸಕಲೇಶಪುರದ ಕಡೆಯ ಒಂದು ಬಂಗಲೆ, ಐವರು ಗೆಳೆಯರು, ಕೆಟ್ಟುನಿಂತ ಜೀಪು. ಮುಂದಿನದನ್ನು ನೀವೇ ಹೇಳಬಲ್ಲಿರಿ. ಇಂಟರ್‌ವೆಲ್‌ಗೆ ಸ್ವಲ್ಪ ಮೊದಲು ಬಿಳಿ ಸೀರೆಯ ದೆವ್ವ ಕೈ ಚಾಚಿತು. ಮಣಿಕಟ್ಟಿನಲ್ಲಿ ಸ್ಮಾರ್ಟ್‌ವಾಚು ಮಿನುಗಿತು. ನಾನು ಗೆದ್ದವನಂತೆ ಭಾವನ ಕಡೆ ತಿರುಗಿದೆ. ‘ಹೊಸ ಹುಡುಗಿ ಇರ್ಬೇಕು. ಆದ್ರೆ ಟೈಮಿಗೆ ಸರಿಯಾಗಿ ಬಂದಿದೆ ನೋಡು’ ಎಂದರು. ಇಂಟರ್‌ವೆಲ್‌ನಲ್ಲಿ ನಾನು ಮನೆಗೆ ಹೋಗುವ ಪ್ರಸ್ತಾಪ ಇಟ್ಟೆ. ಅವರು ಕಡ್ಲೆಕಾಯಿ ಪೊಟ್ಟಣ ಕೊಡಿಸಿ ಬಾಯಿ ಮುಚ್ಚಿಸಿದರು.

ದ್ವಿತೀಯಾರ್ಧದಲ್ಲಿ ಆ ಐವರಲ್ಲೊಬ್ಬ ಸತ್ತ ಸುದ್ದಿ ಅವನ ಹಳ್ಳಿಯ ಮನೆಗೆ ಬರುತ್ತದೆ. ತಾಯಿ ಕಂಬ ತಬ್ಬಿ ಕಿರುಚುತ್ತಾಳೆ, ತಂಗಿ ಕುಸಿಯುತ್ತಾಳೆ, ಹಿನ್ನೆಲೆಯಲ್ಲಿ ಊರಿನ ಪಿಟೀಲುಗಳೆಲ್ಲ ಒಟ್ಟಿಗೆ ಅಳುತ್ತವೆ. ಭಾವ ನನ್ನ ಮುಂಗೈ ಹಿಡಿದು ಒತ್ತಿದರು. ‘ಮೂಲೆ ನೋಡು, ಮೂಲೆ.’ ಅಲ್ಲೊಬ್ಬ ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಕಿರುಚಾಟ ಎದ್ದಾಗ ಅವಳ ಬೆರಳು ನಿಂತಿತು. ತಲೆಯೆತ್ತಲಿಲ್ಲ. ಮೊರವನ್ನು ಸ್ವಲ್ಪ ಕೆಳಗಿಳಿಸಿದಳು. ಆಮೇಲೆ ಮತ್ತೆ ಕಲ್ಲು ಆರಿಸತೊಡಗಿದಳು. ಅಷ್ಟರಲ್ಲಿ ದೃಶ್ಯ ಬದಲಾಗಿ ದೆವ್ವ ಬಂತು. ಇಡೀ ಚಿತ್ರದಲ್ಲಿ ಸಾವು ಬಂದ ಹಾಗೆ ಅನಿಸಿದ್ದು ಅಷ್ಟೇ ಹೊತ್ತು. ನನಗೂ ಅನಿಸಿತು. ಹೇಳಲಿಲ್ಲ.

ಹೆಸರುಗಳ ಹಾಜರಿ ಮುಗಿಸಿ ಹೊರಬಂದರೆ ಮೆಟ್ಟಿಲ ಬಳಿ ಯೂಟ್ಯೂಬಿನವರು ಮೈಕು ಹಿಡಿದು ನಿಂತಿದ್ದರು. ಕೆ.ಜಿ. ರಸ್ತೆಯ ಈಗಿನ ವಾಡಿಕೆಯೇ ಅದು. ಜನ ಕಡಿಮೆಯಿದ್ದುದರಿಂದ ಮೈಕು ನೇರ ನನ್ನ ಬಾಯಿಗೇ ಬಂತು. ‘ಹೇಗಿತ್ತು ಸಾರ್ ಸಿನಿಮಾ?’ ಹೇಳಲು ನನ್ನ ಬಳಿ ಒಂದು ಗಂಟೆಯಿಂದ ಮಸೆದಿಟ್ಟಿದ್ದ ಮಾತುಗಳಿದ್ದವು. ಪಕ್ಕದಲ್ಲಿ ಇಸ್ತ್ರಿ ಹಾಕಿದ ಹೊಸ ಅಂಗಿಯ ಹುಡುಗನೊಬ್ಬ ನನ್ನ ಬಾಯನ್ನೇ ನೋಡುತ್ತ ನಿಂತಿದ್ದ. ನಿರ್ದೇಶಕನೇ ಎಂದು ನೋಡಿದರೆ ಗೊತ್ತಾಗುತ್ತಿತ್ತು. ‘ಕ್ಯಾಮೆರಾ ವರ್ಕ್ ಚೆನ್ನಾಗಿದೆ’ ಎಂದೆ. ಆ ವಿಡಿಯೊ ಇನ್ನೂ ಎಲ್ಲೋ ಇದೆಯಂತೆ.

ಭಾವ ಮೈಕಿನ ಕಡೆ ನೋಡಲೂ ಇಲ್ಲ. ಸೀದಾ ಹುಡುಗನ ಹತ್ತಿರ ಹೋಗಿ, ‘ಆ ಅಕ್ಕಿ ಆರಿಸೋ ಅಜ್ಜಿ ಯಾರಪ್ಪ?’ ಎಂದರು. ಹುಡುಗ ತಬ್ಬಿಬ್ಬಾದ. ‘ಅವರು ಆರ್ಟಿಸ್ಟ್ ಅಲ್ಲ ಸಾರ್. ಯೂನಿಟ್ಟಿಗೆ ಅಡುಗೆ ಮಾಡ್ತಿದ್ರು. ಮಧ್ಯಾಹ್ನದ ಊಟಕ್ಕೆ ಅಕ್ಕಿ ಆರಿಸ್ತಾ ಫ್ರೇಮಲ್ಲಿ ಬಂದ್ಬಿಟ್ಟಿದಾರೆ. ಕಿರುಚಿದ್ದು ಕೇಳಿ ನಿಜವಾಗ್ಲೂ ಏನೋ ಆಯ್ತು ಅಂದ್ಕೊಂಡ್ರಂತೆ. ಎಡಿಟರ್ ತೆಗೀಬೇಕು ಅಂದ್ರು, ಬೇರೆ ಟೇಕ್ ಇರ್ಲಿಲ್ಲ’ ಎಂದ.

ನನಗೆ ಒಳಗೊಳಗೇ ಖುಷಿಯಾಯಿತು. ಭಾವ ಇಡೀ ಸಿನಿಮಾದಲ್ಲಿ ಹೆಕ್ಕಿ ತೆಗೆದಿದ್ದ ಒಂದೇ ಒಂದು ಗುಣ, ಅಡುಗೆಯವರ ಆಕಸ್ಮಿಕ! ಅವರಿಗೆ ಅದರಿಂದ ಏನೂ ಆಗಲಿಲ್ಲ. ‘ಬೇರೆ ಟೇಕ್ ಇಲ್ದೇ ಇದ್ದಿದ್ದೇ ಒಳ್ಳೇದಾಯ್ತು ಬಿಡಿ’ ಎಂದರು. ಹುಡುಗ ನಕ್ಕ. ‘ಟೈಟಲ್ಲಲ್ಲಿ ಅವರ ಹೆಸರು ಕಾಣ್ಲಿಲ್ವಲ್ಲ?’ ಎಂದು ಕೇಳಿದರು. ಹುಡುಗ ತಲೆ ತಗ್ಗಿಸಿದ. ‘ಮುಂದಿನ ಸಿನಿಮಾದಲ್ಲಿ ಹಾಕಿ. ಆ ಅಜ್ಜಿನೇ ಕರೀರಿ, ಈ ಸಲ ಹೇಳಿ ಕೂರಿಸಿ’ ಎಂದು ಬೆನ್ನು ತಟ್ಟಿದರು.

ಮುಂದಿನ ಸಿನಿಮಾ. ಯಾರದೋ ಸೈಟು ಮಾರಿದ ದುಡ್ಡು, ಯಾರದೋ ಬಡ್ಡಿ ಸಾಲ ಆ ಮೆಟ್ಟಿಲ ಮೇಲೆ ಮಳೆಯಲ್ಲಿ ತೊಯ್ಯುತ್ತಿದ್ದಾಗ, ಆ ಹುಡುಗನಿಗೆ ಮುಂದಿನದೊಂದು ಸಿನಿಮಾ ಇದೆ ಎಂದು ಎಣಿಸಿದ್ದು ಇಡೀ ಗಾಂಧಿನಗರದಲ್ಲಿ ನಮ್ಮ ಭಾವ ಒಬ್ಬರೇ ಇರಬೇಕು. ನಾವು ಸಿನಿಮಾವನ್ನು ಒಂದು ಪತ್ರಿಕೆ ಎಂದುಕೊಂಡು ಒಂದೇ ಅಂಕ ಹಾಕಿ ಎಸೆಯುತ್ತೇವೆ. ಅವರ ಲೆಕ್ಕದಲ್ಲಿ ಅದು ಒಂದು ಕ್ಲಾಸು. ಎಲ್ಲರನ್ನೂ ಒಟ್ಟಿಗೆ ನಪಾಸು ಮಾಡಲು ಅವರ ಕೈ ಏಳುವುದಿಲ್ಲ. ಈ ಮಾತನ್ನು ನಾನು ಅವರೆದುರು ಆಡಿಲ್ಲ, ಆಡುವುದೂ ಇಲ್ಲ. ಮೊದಲೇ ಜಂಬ. ಅದೂ ಅಲ್ಲದೆ ಈ ಮಾತುಕತೆ ಮುಗಿಯುವಷ್ಟರಲ್ಲಿ ಮಳೆ ಜೋರಾಗಿ, ಆಟೋದವರು ರಾಜಾಜಿನಗರಕ್ಕೆ ಮೀಟರಿನ ಮೂರರಷ್ಟು ಕೇಳಿ, ಕೊಟ್ಟದ್ದು ನಾನು. ದಾರಿಯುದ್ದಕ್ಕೂ ಭಾವ ಆ ಚಿತ್ರದ ಜೀಪು ಎಷ್ಟು ಹಳೆಯ ಮಾಡೆಲ್ಲು, ಅದನ್ನು ಎಲ್ಲಿಂದ ಹುಡುಕಿ ತಂದಿರಬಹುದು ಎಂದು ವಿವರಿಸಿದರು.

ಬರುವ ಶುಕ್ರವಾರ ನಾಲ್ಕೈದು ಕನ್ನಡ ಚಿತ್ರಗಳಿವೆ. ಒಂದರ ಟ್ರೈಲರ್ ನೋಡಿದೆ. ಹೀರೋ ಲಾರಿಯನ್ನು ಒಂದೇ ಕೈಯಲ್ಲಿ ತಡೆಯುತ್ತಾನೆ. ಭಾವ ಆಗಲೇ ಫೋನ್ ಮಾಡಿ ಲಾರಿಯ ಬಣ್ಣ ಚೆನ್ನಾಗಿದೆ ಎಂದಿದ್ದಾರೆ. ಓದುಗರಲ್ಲಿ ಯಾರಾದರೂ ಅವರ ಜೊತೆಗೆ ಹೋಗಲು ಸಿದ್ಧರಿದ್ದರೆ ದಯವಿಟ್ಟು ತಿಳಿಸಿ. ಟಿಕೆಟ್ಟು, ಕಡ್ಲೆಕಾಯಿ, ಆಟೋ ಎಲ್ಲ ನನ್ನ ಖರ್ಚು. ಕೊನೆಯ ಹೆಸರು ಹೋಗುವವರೆಗೆ ಏಳುವಂತಿಲ್ಲ, ಅಷ್ಟೇ.